ಬೈಲಪ್ಪನವರ ಎಂಟು ದಿನ

ನಮ್ಮ ವರ್ಕ್‌ಶಾಪಿನ ಗೋಡೆಯಲ್ಲಿ, ಗಡಿಯಾರದ ಕೆಳಗೆ, ಒಂದು ಮೊಳೆ ಇದೆ. ಯಾವ ಹೊಸ ನಕ್ಷೆ ಬರೆದರೂ ಮೊದಲು ಆ ಮೊಳೆಗೆ ಸಿಕ್ಕಿಸಬೇಕು. ಎಂಟು ದಿನ ಅದು ಅಲ್ಲೇ ನೇತಾಡಬೇಕು. ಬಂದವರು, ಹೋದವರು, ಟೀ ತಂದವರು, ದಾರಿ ಕೇಳಲು ಒಳಗೆ ಇಣುಕಿದವರು, ಎಲ್ಲರೂ ಅದನ್ನು ನೋಡಿ ಒಂದೊಂದು ಮಾತು ಹೇಳಬೇಕು. ಆಮೇಲೆ ನಮ್ಮ ಯಜಮಾನರಾದ ಬೈಲಪ್ಪನವರು ಆ ಮಾತುಗಳನ್ನೆಲ್ಲ ತೂಗಿ, ಅಳೆದು, ಕೊನೆಗೆ ಮಾಮೂಲಿ ಗಾಡಿಯನ್ನೇ ಮಾಡಿಸುತ್ತಾರೆ. ನಾಲ್ಕು ವರ್ಷದಿಂದ ಇದೇ ನಡೆಯುತ್ತಿದೆ. ಈ ನಾಲ್ಕು ವರ್ಷದಲ್ಲಿ ನಾನು ಮೂವತ್ತಕ್ಕೂ ಹೆಚ್ಚು ನಕ್ಷೆ ಬರೆದಿದ್ದೇನೆ. ಮೊಳೆಯಿಂದ ಇಳಿದು ಕಬ್ಬಿಣವಾಗಿದ್ದು ಎರಡೇ ಎರಡು. ಅದರಲ್ಲೊಂದು ಛತ್ರಿ ಸಿಕ್ಕಿಸುವ ಕೊಳವೆ.

ವರ್ಕ್‌ಶಾಪ್ ಇರುವುದು ಕೃಷ್ಣರಾಜಪುರದಲ್ಲಿ, ಹಳೇ ಮದ್ರಾಸ್ ರಸ್ತೆಯಿಂದ ಒಳಗೆ ಎರಡನೇ ತಿರುವಿನಲ್ಲಿ. ತಳ್ಳುಗಾಡಿ ಮಾಡುವುದು ನಮ್ಮ ಕಸುಬು. ಎಳನೀರು, ಪಾನಿಪುರಿ, ಇಸ್ತ್ರಿ, ಸೊಪ್ಪು, ಏನೇ ಇರಲಿ, ಟಿನ್‌ಫ್ಯಾಕ್ಟರಿಯಿಂದ ಹೊಸಕೋಟೆಯವರೆಗೆ ನೀವು ನೋಡುವ ಹತ್ತು ಗಾಡಿಯಲ್ಲಿ ಒಂದಾದರೂ ನಮ್ಮದು. ಬೆಸುಗೆ ಹಾಕುವುದು ಶಿವಾಜಿನಗರದ ಜಿಯಾವುಲ್ಲಾ. ನಕ್ಷೆ ಬರೆಯುವುದು, ಬಂದವರ ಹತ್ತಿರ ಅಳತೆ ಕೇಳುವುದು, ಬಿಲ್ಲು ಹಾಕುವುದು ನಾನು. ನನ್ನ ಹೆಸರು ಹೇಮಶ್ರೀ. ನನಗೆ ಮೂಗಿನ ತುದಿಯಲ್ಲಿ ಕೋಪ ಎಂದು ನಮ್ಮಮ್ಮ ಹೇಳುತ್ತಾಳೆ. ಇರಬಹುದು. ಆದರೆ ಬೈಲಪ್ಪನವರ ಜೊತೆ ಒಂದು ವಾರ ಕೆಲಸ ಮಾಡಿದರೆ ಯಾರಿಗಾದರೂ ಕೋಪ ಅಲ್ಲಿಗೇ ಬಂದು ಕೂರುತ್ತದೆ.

ಇದಕ್ಕೆ ಮುಂಚೆ ನಾನು ಇಂದಿರಾನಗರದ ಒಂದು ಡಿಸೈನ್ ಆಫೀಸಿನಲ್ಲಿದ್ದೆ. ನೂರಡಿ ರಸ್ತೆಯ ಪಕ್ಕದಲ್ಲಿ, ಯಾರೋ ನಿವೃತ್ತರು ಕಟ್ಟಿಸಿದ್ದ ಹಳೇ ಬಂಗಲೆ. ಅಲ್ಲಿಯ ಯಜಮಾನನದು ಇದಕ್ಕೆ ಉಲ್ಟಾ ಸ್ವಭಾವ. ಯಾವುದನ್ನು ಯಾರೂ ನೋಡಿಲ್ಲವೋ ಅದೇ ಅವನಿಗೆ ಬೇಕು. ಗಾಜಿನ ಗೋಡೆಯ ತುಂಬ ಹಳದಿ ಚೀಟಿ ಅಂಟಿಸಿ, ಅದರಲ್ಲಿ ಅತಿ ವಿಚಿತ್ರವಾದದ್ದನ್ನು ಕಿತ್ತು ಮುತ್ತಿಕ್ಕುತ್ತಿದ್ದ. ಒಮ್ಮೆ ಅವನು ಮೆಚ್ಚಿ ಆರಿಸಿದ ಕುರ್ಚಿಯ ಮೇಲೆ ಆಫೀಸಿನಲ್ಲಿ ಒಬ್ಬರಿಗೂ ಕೂರಲು ಆಗಲಿಲ್ಲ. ನಾನು ಅದನ್ನು ಗಿರಾಕಿಗಳ ಎದುರಿಗೇ ಹೇಳಿದೆ. ಅಲ್ಲಿಗೆ ಆ ಕೆಲಸ ಮುಗಿಯಿತು. ಒಬ್ಬನಿಗೆ ಹೊಸದೆಂದರೆ ಹುಚ್ಚು, ಇನ್ನೊಬ್ಬರಿಗೆ ಹೊಸದೆಂದರೆ ಜ್ವರ. ನಕ್ಷೆ ಚೆನ್ನಾಗಿದೆಯೋ ಇಲ್ಲವೋ ಎಂದು ನೋಡುವವರು ಎಲ್ಲಿದ್ದಾರೆ ಎಂದು ನಾನು ಎಷ್ಟು ಸಲ ತಲೆ ಚಚ್ಚಿಕೊಂಡಿದ್ದೇನೋ ಲೆಕ್ಕವಿಲ್ಲ.

ಬೈಲಪ್ಪನವರಿಗೆ ಈಗ ಐವತ್ತೆಂಟು. ಇಲ್ಲೇ ಹತ್ತಿರದ ಹಳ್ಳಿಯವರು. ಹಳ್ಳಿ ಎಂದರೆ ಈಗ ಒಂದು ಅರಳಿಕಟ್ಟೆ, ಒಂದು ಮುನೇಶ್ವರನ ಗುಡಿ, ಸುತ್ತ ಅಪಾರ್ಟ್‌ಮೆಂಟು. ಹೊಲ ಹೋದ ಮೇಲೆ ದಾಯಾದಿಗಳೆಲ್ಲ ಬಾಡಿಗೆ ಮನೆ ಕಟ್ಟಿಸಿ ಕಾಲ ಮೇಲೆ ಕಾಲು ಹಾಕಿಕೊಂಡು ಕೂತರು. ಇವರು ಮಾತ್ರ ವೆಲ್ಡಿಂಗ್ ಕಲಿತರು. "ಕೈ ಸುಮ್ಕಿರಾಕಿಲ್ಲ ಕಣಮ್ಮ" ಎನ್ನುತ್ತಾರೆ. ಕೈ ಒಳ್ಳೆಯದೇ. ಇವರು ಹಾಕಿದ ಬೆಸುಗೆ ಬಿಟ್ಟಿದ್ದನ್ನು ನಾನು ನೋಡಿಲ್ಲ. ತೊಂದರೆ ಇರುವುದು ತಲೆಯಲ್ಲಿ. ಹೋಟೆಲಿಗೆ ಹೋದರೆ ತಿಂಡಿಯ ಬೋರ್ಡು ಓದುವುದಿಲ್ಲ. ಪಕ್ಕದ ಟೇಬಲ್ಲಿನ ಕಡೆ ಕುತ್ತಿಗೆ ಉದ್ದ ಮಾಡಿ ನೋಡುತ್ತಾರೆ. "ಅವ್ರು ತಿಂತಾವ್ರಲ್ಲ, ಅದೇ ಕೊಡಪ್ಪ" ಎನ್ನುತ್ತಾರೆ. ಪಕ್ಕದಲ್ಲಿ ಯಾರೂ ಇರದಿದ್ದರೆ ಯಾರಾದರೂ ಬರಲಿ ಎಂದು ಕಾಯುತ್ತಾರೆ. ನಾನು ಸುಳ್ಳು ಹೇಳುತ್ತಿಲ್ಲ, ಒಂದು ಸಲ ಹದಿನೈದು ನಿಮಿಷ ಕಾದಿದ್ದೇವೆ.

ಅವರು ಹೀಗಾಗಿದ್ದಕ್ಕೆ ಒಂದು ಕತೆ ಇದೆ, ಅದನ್ನು ನನಗೆ ಹೇಳಿದ್ದು ಜಿಯಾವುಲ್ಲಾ. ಇಪ್ಪತ್ತೈದು ವರ್ಷದ ಹಿಂದೆ ಊರಿನ ಡೈರಿಗೆ ಹಾಲಿನ ಕ್ಯಾನು ಸಾಗಿಸಲು ಬೈಲಪ್ಪನವರು ಸ್ವಂತ ಬುದ್ಧಿಯಿಂದ ಮೂರು ಗಾಲಿಯ ಗಾಡಿ ಮಾಡಿದರಂತೆ. ಓಣಿಗಳಲ್ಲಿ ಸಲೀಸಾಗಿ ತಿರುಗಲಿ ಎಂದು. ಮೊದಲ ದಿನವೇ ಯಾರೋ ಕ್ಯಾನುಗಳನ್ನೆಲ್ಲ ಒಂದೇ ಪಕ್ಕಕ್ಕೆ ಪೇರಿಸಿ, ಗಾಡಿ ಅರಳಿಕಟ್ಟೆಯ ಮುಂದೆ ಮಗುಚಿಕೊಂಡಿತು. ಊರಿನ ಬೆಳಗಿನ ಹಾಲೆಲ್ಲ ಚರಂಡಿಗೆ. ಅವತ್ತಿನಿಂದ ಅವರು 'ಮೂರ್ ಗಾಲಿ ಬೈಲಪ್ಪ'. ಮದುವೆ ಮನೆಯಲ್ಲಿ, ಸಾವಿನ ಮನೆಯಲ್ಲಿ, ಎಲ್ಲೆಲ್ಲೂ ಅದೇ ಹೆಸರು. ಅವರ ಹೆಂಡತಿ ಗಂಗಲಕ್ಷ್ಮಮ್ಮನವರನ್ನು ಬೆನ್ನ ಹಿಂದೆ 'ಮೂರ್ ಗಾಲಿ ಮನೆಯವರು' ಎಂದು ಕರೆಯುವುದನ್ನು ನಾನೇ ಕೇಳಿದ್ದೇನೆ. ಈಗ ಬೀದಿಯಲ್ಲಿ ಅಂಥದ್ದೇ ಮೂರು ಗಾಲಿಯ ಗಾಡಿಗಳು ಬೇಕಾದಷ್ಟು ಓಡಾಡುತ್ತವೆ. ಅವುಗಳನ್ನು ಕಂಡರೆ ಬೈಲಪ್ಪನವರು ಮುಖ ಆ ಕಡೆ ತಿರುಗಿಸುತ್ತಾರೆ.

ಇಂಥವರ ಮುಂದೆ ಹುಸೇನಮ್ಮ ಬಂದು ನಿಂತಳು. ಲಿಂಗಸುಗೂರು ಕಡೆಯವಳು. ಅವರ ಕಡೆ ಹಿಂದೂ ಮನೆಗಳಲ್ಲೂ ದರ್ಗಾಕ್ಕೆ ಹರಕೆ ಹೊತ್ತು ಈ ಹೆಸರಿಡುತ್ತಾರೆ. ಗಂಡ ರಾಮಣ್ಣ ಕಟ್ಟಡದ ಕೆಲಸ ಮಾಡುತ್ತಾನೆ, ಮಹದೇವಪುರದಲ್ಲಿ ಒಂದು ಕೋಣೆ ಬಾಡಿಗೆಗೆ ಹಿಡಿದಿದ್ದಾರೆ. ಹುಸೇನಮ್ಮ ಮೊದಲು ಅಪಾರ್ಟ್‌ಮೆಂಟುಗಳಲ್ಲಿ ನೆಲ ಒರೆಸುತ್ತಿದ್ದವಳು, ಒಂದು ವರ್ಷದಿಂದ ರೈಲು ನಿಲ್ದಾಣದ ಹತ್ತಿರ, ಔಷಧಿ ಅಂಗಡಿಯ ಮೂಲೆಯಲ್ಲಿ, ಬಾಡಿಗೆ ಗಾಡಿ ಇಟ್ಟುಕೊಂಡು ಜೋಳದ ರೊಟ್ಟಿ ಬಡಿದು ಮಾರುತ್ತಿದ್ದಳು. ಗಿರಾಕಿಗೇನೂ ಕಡಿಮೆ ಇರಲಿಲ್ಲ. ರಾಯಚೂರು, ಕಲಬುರಗಿಯಿಂದ ಬಂದ ಕೂಲಿಯವರು ಸಾಲುಗಟ್ಟಿ ನಿಲ್ಲುತ್ತಿದ್ದರು. ಕೆಟ್ಟಿದ್ದು ಅವಳ ಕಾಲು.

ಸೀರೆಯನ್ನು ಸ್ವಲ್ಪ ಎತ್ತಿ ತೋರಿಸಿದಳು. ಮೊಣಕಾಲಿನ ಕೆಳಗೆ ನರಗಳು ನೀಲಿಯಾಗಿ ಗಂಟುಗಂಟಾಗಿ ಉಬ್ಬಿದ್ದವು. ಪಾದ ಬಾತಿತ್ತು.

"ನಿಲ್ಲಬ್ಯಾಡ ಅಂದಾರ್ರಿ ಡಾಕ್ಟರು," ಎಂದಳು. "ಮತ್ತ ರೊಟ್ಟಿ ಅಂದ್ರ ಕುಂತು ಬಡಿಯೂದ್ರಿ ಅಕ್ಕಾರ. ನಮ್ಮವ್ವ, ನಮ್ಮಜ್ಜಿ ಎಲ್ಲಾರೂ ಕುಂತ ಬಡೀತಿದ್ರು. ನಿಂತು ಬಡಿದ್ರ ರೊಟ್ಟಿ ದಪ್ಪ ಆಕ್ಕೈತಿ, ಭುಜ ಬಿದ್ದ ಹೋಗ್ತಾವ. ನನಗ ಕುಂತ ಬಡಿಯೂ ಗಾಡಿ ಬೇಕ್ರಿ."

"ನೆಲದ ಮೇಲೆ ಕೂತು ಮಾಡಬಹುದಲ್ಲ?" ಎಂದೆ.

"ನೆಲದಾಗ ಕುಂದ್ರಾಕ ಔಷಧಿ ಅಂಗಡಿಯವ್ರು ಬಿಡೂದಿಲ್ರಿ. ಧೂಳೂ ಬರ್ತೈತಿ, ಜನರ ಚಪ್ಪಲಿ ಎಲ್ಲ ರೊಟ್ಟಿ ಮ್ಯಾಲ. ಗಾಡಿ ಇದ್ರಷ್ಟ ಆ ಜಾಗ. ಬಾಡಿಗಿ ಗಾಡಿಯವ ಇನ್ನ ಹದಿನೈದು ದಿನದಾಗ ವಾಪಸ್ ಕೊಡು ಅಂದಾನ್ರಿ."

ಅಷ್ಟೇ ವಿಷಯ. ಕೂತು ಕೆಲಸ ಮಾಡುವ ಗಾಡಿ ಸಿಕ್ಕರೆ ಅವಳ ರೊಟ್ಟಿ ಅವಳದು. ಸಿಗದಿದ್ದರೆ ಮತ್ತೆ ಇನ್ನೊಬ್ಬರ ಮನೆಯ ನೆಲ.

ನಾನು ಒಂದು ರಾತ್ರಿ, ಒಂದು ಬೆಳಗ್ಗೆ ಕೂತು ನಕ್ಷೆ ಬರೆದೆ. ಗಾಡಿಯ ನಡುಭಾಗವನ್ನು ಗಾಲಿಗಳ ಎರಡು ಅಚ್ಚುಗಳ ನಡುವೆ ಕೆಳಕ್ಕೆ ಇಳಿಸಿ, ಅಲ್ಲೊಂದು ಹಲಗೆ. ಅದರ ಮೇಲೆ ಅವಳು ಚಕ್ಕಂಬಕ್ಕಳ ಹಾಕಿ ಕೂರಬಹುದು. ಎದುರಿಗೆ ಮೊಣಕಾಲಿನ ಎತ್ತರಕ್ಕೆ ಹಂಚು, ಬಲಕ್ಕೆ ರೊಟ್ಟಿ ಬಡಿಯುವ ಕಲ್ಲು, ಗ್ಯಾಸು ಹಿಂದೆ ತಗಡಿನ ಆಚೆಗೆ. ಎಡಗಡೆ ಪೂರ್ತಿ ತೆರೆದಿರುತ್ತದೆ, ಬೆಂಕಿ ಹತ್ತಿದರೂ ಒಂದೇ ಹೆಜ್ಜೆಗೆ ಹೊರಗೆ. ಗಿರಾಕಿಗಳ ಕಡೆಗೆ ತಟ್ಟೆ ಇಡಲು ಉದ್ದನೆ ಪಟ್ಟಿ. ನಾನು ಇಲ್ಲಿಯವರೆಗೆ ಬರೆದದ್ದರಲ್ಲಿ ಇದೇ ಒಳ್ಳೆಯದು, ಹೀಗೆ ಹೇಳಿಕೊಳ್ಳಲು ನನಗೇನೂ ಸಂಕೋಚವಿಲ್ಲ. ಹುಸೇನಮ್ಮ ನೋಡಿ, ನಕ್ಷೆಯ ಮೇಲೆ ಬೆರಳಿಟ್ಟು, "ಇಲ್ಲಿ ನಾನ್ರೀ?" ಎಂದು ಕೇಳಿ ನಕ್ಕಳು.

ಬೈಲಪ್ಪನವರು ಕನ್ನಡಕ ಏರಿಸಿ ತುಂಬ ಹೊತ್ತು ನೋಡಿದರು. "ಚೆನ್ನಾಗೈತೆ" ಎಂದರು. ಗೆದ್ದೆ ಎಂದುಕೊಂಡೆ. "ಮೊಳೆಗೆ ಹಾಕು. ನಾಲ್ಕು ಜನ ನೋಡ್ಲಿ."

"ಅಣ್ಣ, ಅವರಿಗೆ ಇರೋದೇ ಹದಿನೈದು ದಿನ."

"ಎಂಟು ದಿನ ತಾನೆ ಕಣಮ್ಮ. ಅವಸರದಾಗೆ ಮಾಡಿದ್ದು ಯಾವ್ದು ನೆಟ್ಟಗಾಗೈತೆ?"

ಸೋಮವಾರ ನಕ್ಷೆ ಮೊಳೆಗೆ ಬಿತ್ತು. ಮಂಗಳವಾರದಿಂದ ನನ್ನ ರಕ್ತ ಕುದಿಯತೊಡಗಿತು.

ಮೊದಲು ಜಿಯಾವುಲ್ಲಾ. ಅವನದು ಬೇರೆಯೇ ಕಾಯಿಲೆ. ಹೊಸದು ಕಂಡರೆ ಅದಕ್ಕಿಂತ ಹೊಸದು ಬೇಕು. "ಮೇಡಂ, ಐಡಿಯಾ ಏಕ್ದಂ ಫಸ್ಟ್ ಕ್ಲಾಸ್ ಇದೆ. ಆದ್ರೆ ಇದ್ರಲ್ಲಿ ಒಂದು ಸ್ಪೀಕರ್ ಕೂರ್ಸೋಣ. ಬಿಸಿಬಿಸಿ ರೊಟ್ಟಿ ಅಂತ ಅದೇ ಕೂಗ್ತಾ ಇರ್ಬೇಕು. ಮೇಲೆ ಸೋಲಾರ್. ಸೀಟು ಗೋಲ್ ತಿರುಗ್ಬೇಕು!" ಮಾರನೆಯ ದಿನಕ್ಕೆ ಅವನಿಗೆ ಸೋಲಾರ್ ಬೇಸರವಾಗಿ, ಇಡೀ ಗಾಡಿಯನ್ನು ಸೂಟ್‌ಕೇಸಿನ ಹಾಗೆ ಮಡಚುವ ಮಾತು ಶುರುವಾಯಿತು. ನಾನು ಕೈ ಮುಗಿದೆ.

ಆಮೇಲೆ ಬೈಲಪ್ಪನವರ ದೊಡ್ಡಪ್ಪನ ಮಕ್ಕಳು. ಮೂವರು. ಬಾಡಿಗೆ ಬರುವುದು ಬಿಟ್ಟರೆ ಬೇರೆ ಕೆಲಸವಿಲ್ಲದ ಇವರು ದಿನಾ ಬೆಳಗ್ಗೆ ನಮ್ಮಲ್ಲಿಗೆ ಬಂದು, ಟೀ ಕುಡಿದು, ಜಗತ್ತನ್ನು ತಿದ್ದಿ ಹೋಗುತ್ತಾರೆ. ಹಿರಿಯನಾದ ಮುನಿಶಾಮಪ್ಪ ನಕ್ಷೆಯ ಮುಂದೆ ನಿಂತು, "ಇದೇನೋ ಬೈಲ, ತೊಟ್ಲು ಇದ್ದಂಗೈತಲ್ಲ! ಆ ಯಮ್ಮನ್ನ ಕೂರ್ಸಿ ತೂಗೋರು ಯಾರು?" ಎಂದ. ಮೂವರೂ ನಕ್ಕರು. ಅಲ್ಲಿಂದ ಮುಂದೆ ಅದು ತೊಟ್ಟಿಲ ಗಾಡಿಯೇ ಆಯಿತು. ಹೆಂಗಸು ಬೀದಿಯಲ್ಲಿ ಗಾಡಿಯ ಮೇಲೆ ಕೂತರೆ ಚೆನ್ನಾಗಿರುವುದಿಲ್ಲ ಎಂದು ಒಬ್ಬ. ಇದುವರೆಗೆ ಯಾರಾದರೂ ಇಂಥದ್ದು ಮಾಡಿಸಿದ್ದಾರಾ ಎಂದು ಇನ್ನೊಬ್ಬ. ಯಾರೂ ಮಾಡಿಸಿಲ್ಲ ಎಂದೇ ಅಲ್ಲವೇ ನಾವು ಮಾಡಬೇಕಾಗಿರುವುದು? ಕೊರಿಯರ್ ತಂದವನೂ ನಿಂತು ನೋಡಿ, "ಬ್ಯಾಲೆನ್ಸ್ ಡೌಟು" ಎಂದು ಸಹಿ ಹಾಕಿಸಿಕೊಂಡು ಹೋದ. ಬೈಲಪ್ಪನವರು ಅವನ ಮಾತಿಗೂ ತಲೆದೂಗಿದರು. ಕೊರಿಯರಿನವನಿಗೆ!

ಪ್ರತಿ ಮಾತಿಗೂ ಅವರ ಮುಖ ಇಷ್ಟಿಷ್ಟೇ ಮುದುಡುವುದು ನನಗೆ ಕಾಣುತ್ತಿತ್ತು. ಗುರುವಾರ ಕೇಳಿದೆ. "ನಿಮಗೇನನ್ಸುತ್ತೆ ಅಣ್ಣ? ಅವರಿವರದು ಬಿಡಿ, ನಿಮಗೆ?"

"ನಂಗೇನಮ್ಮ," ಎಂದರು. "ಗಾಡಿ ನಿಲ್ತದೆ. ತೂಕ ತಡೀತದೆ. ಆದ್ರೆ ನಾಳೆ ಏನಾರಾ ಆಗಿ ಜನ ನಗಾಡಿದ್ರೆ, ನೀನು ಮನೆಗೋಯ್ತೀಯ. ನಾನು ಎಲ್ಲಿಗೆ ಹೋಗ್ಲಿ?"

ಶುಕ್ರವಾರ ಕೇಳಿದೆ, ನೋಡೋಣ ಎಂದರು. ಶನಿವಾರ ಕೇಳಿದೆ, ಸೋಮವಾರಕ್ಕೆ ಎಂಟು ದಿನ ಆಗುತ್ತಲ್ಲ ಎಂದರು. ಒಂದು ಗಾಡಿಯ ನಕ್ಷೆಯನ್ನು ನೋಡಿ ಬೇಕು, ಬೇಡ ಎಂದು ಹೇಳಲು ಒಬ್ಬ ಮನುಷ್ಯನಿಗೆ ಇಷ್ಟು ದಿನ ಬೇಕೇ? ಭಾನುವಾರ ರಜೆ. ನಾನು ಮನೆಯಲ್ಲಿ ಸುಮ್ಮಸುಮ್ಮನೆ ಅಮ್ಮನ ಮೇಲೆ ರೇಗಿದೆ.

ಸೋಮವಾರ ಬೆಳಗ್ಗೆ ಕೃಷ್ಣರಾಜಪುರದ ತೂಗುಸೇತುವೆಯ ಹತ್ತಿರ ಬಸ್ಸು ಮುಕ್ಕಾಲು ಗಂಟೆ ಕದಲಲಿಲ್ಲ. ಇಳಿದು ನಡೆದುಕೊಂಡೇ ಹೊರಟೆ. ಬೆವರು, ಹೊಗೆ, ಹಾರನ್ನು. ವರ್ಕ್‌ಶಾಪಿನ ಗೇಟು ದಾಟುವಾಗ ಒಳಗಿನಿಂದ ನಗು ಕೇಳಿಸಿತು. ಅಂಗಳದಲ್ಲಿ ಮುನಿಶಾಮಪ್ಪ, ಅವನ ತಮ್ಮಂದಿರು, ಟೀ ಗ್ಲಾಸು ಹಿಡಿದು ನಿಂತು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಜಿಯಾವುಲ್ಲಾ ಸೀಮೆಸುಣ್ಣ ಹಿಡಿದು ನಿಂತಿದ್ದ. ನೆಲದ ಮೇಲೆ ಗಾಡಿಯ ಆಕಾರಕ್ಕೆ ಗೆರೆ ಎಳೆದಿತ್ತು. ಅದರ ನಡುವೆ ಬೈಲಪ್ಪನವರು ಪಂಚೆ ಮಡಚಿ, ಚಕ್ಕಂಬಕ್ಕಳ ಹಾಕಿ ಕೂತು, ಎರಡೂ ಕೈಗಳಿಂದ ಇಲ್ಲದ ರೊಟ್ಟಿ ಬಡಿಯುತ್ತಿದ್ದರು. ಟಪ್, ಟಪ್ ಎಂದು ತೊಡೆಯ ಮೇಲೆ. ಗೇಟಿನ ಪಕ್ಕದಲ್ಲಿ ಹುಸೇನಮ್ಮ ಸೆರಗು ಬಾಯಿಗೆ ಅಡ್ಡ ಹಿಡಿದು ನಿಂತಿದ್ದಳು.

"ತೊಟ್ಲಾಗೆ ಕೂಸು ಚೆನ್ನಾಗೈತೆ ಕಣೋ!" ಎಂದು ಮುನಿಶಾಮಪ್ಪ ಕೂಗಿದ.

ಅವಳನ್ನು ಎದುರಿಗೇ ನಿಲ್ಲಿಸಿಕೊಂಡು ಆಡಿಕೊಳ್ಳುತ್ತಿದ್ದಾರೆ ಎಂದುಕೊಂಡೆ. ಎಂಟು ದಿನದ್ದೆಲ್ಲ ಒಟ್ಟಿಗೆ ನೆತ್ತಿಗೇರಿತು.

"ನಾಚಿಕೆ ಆಗಲ್ವಾ ನಿಮಗೆಲ್ಲ?" ಎಂದು ಕಿರುಚಿದೆ. "ಅವರ ಕಾಲು ಯಾರಾದ್ರೂ ನೋಡಿದೀರಾ? ಒಂದು ಹೆಂಗಸು ಕೂತ್ಕೊಂಡು ದುಡೀತೀನಿ ಅಂದ್ರೆ ನಿಮಗೆ ತಮಾಷೆನಾ? ಎಂಟು ದಿನ ನೇತಾಕಿ, ಬೀದೀಲಿ ಹೋಗೋರ್ನೆಲ್ಲ ಕೇಳಿ, ಕೊನೆಗೆ ಮಂಗನ ಥರ ಕೂತು ಆಡ್ಕೋತಾ ಇದೀರಾ!"

"ಹೇಮಾ..." ಎಂದರು ಬೈಲಪ್ಪನವರು.

"ಏನ್ ಹೇಮಾ? ನಿಮ್ಮ ಜನ್ಮದಲ್ಲಿ ಧೈರ್ಯವಾಗಿ ಏನಾದ್ರೂ ಮಾಡಿದೀರಾ ಅಣ್ಣ? ಮಾಡಿದ್ದು ಒಂದೇ ಒಂದು, ಅದನ್ನೂ ಬೀಳಿಸ್ಕೊಂಡ್ರಿ. ಸುಮ್ಸುಮ್ನೆ ಕರೀತಾರಾ ಊರೋರು ಮೂರ್ ಗಾಲಿ ಅಂತ?"

ನಗು ಥಟ್ಟನೆ ನಿಂತಿತು. ದಾಯಾದಿಗಳು ಆ ಹೆಸರನ್ನು ಬೆನ್ನ ಹಿಂದೆ ಹೇಳಿಕೊಂಡು ನಗುತ್ತಾರೆ, ಮುಖಕ್ಕೆ ಎಂದೂ ಹೇಳಿದವರಲ್ಲ. ಅವರ ಕೈಕೆಳಗೆ ಕೆಲಸ ಮಾಡುವ ನಾನು, ಊರಿನವರ ಎದುರಿಗೆ, ಹೇಳಿದ್ದೆ. ಬೈಲಪ್ಪನವರು ಮೊಣಕಾಲು ಹಿಡಿದು ನಿಧಾನವಾಗಿ ಎದ್ದರು. ಪಂಚೆ ಕೊಡವಿದರು. ಚಪ್ಪಲಿ ಕಾಲಿನಿಂದ ಸೀಮೆಸುಣ್ಣದ ಗೆರೆಯನ್ನು ಅಷ್ಟುದ್ದಕ್ಕೂ ಉಜ್ಜಿ ಅಳಿಸಿದರು.

"ಜಿಯಾ, ಆ ಯಮ್ಮನಿಗೆ ಮಾಮೂಲಿ ಗಾಡಿ ಹಾಕು" ಎಂದು ಒಳಗೆ ಹೋದರು.

ನಾನು ಹುಸೇನಮ್ಮನ ಕಡೆ ನೋಡಿದೆ. ಅವಳು ತಲೆ ತಗ್ಗಿಸಿದ್ದಳು. ನೋಡಿದಿರಾ, ಇವರ ಹಣೆಬರಹವೇ ಇಷ್ಟು ಎಂದು ನಾನು ಕೈ ಚೆಲ್ಲಿದೆ. ನಿಜ ಹೇಳಬೇಕೆಂದರೆ ಆ ಹೊತ್ತಿಗೆ ನನಗೆ ಸಮಾಧಾನವೇ ಆಗಿತ್ತು. ಯಾರಾದರೊಬ್ಬರು ಅವರಿಗೆ ಹೇಳಬೇಕಿತ್ತು, ಹೇಳಿದೆ ಎಂದುಕೊಂಡೆ.

ಮಾಮೂಲಿ ಗಾಡಿ ಐದು ದಿನದಲ್ಲಿ ತಯಾರಾಯಿತು. ಗಟ್ಟಿ ಗಾಡಿ. ಅಂದ, ಬೆಸುಗೆ, ಒಂದಕ್ಕೂ ಕುಂದಿಲ್ಲ. ನಿಂತೇ ಕೆಲಸ ಮಾಡಬೇಕು, ಅಷ್ಟೇ. ಹುಸೇನಮ್ಮ ತಳ್ಳಿಕೊಂಡು ಹೋದಳು. ಬೈಲಪ್ಪನವರು ನನ್ನನ್ನು ಕೆಲಸದಿಂದ ತೆಗೆಯಲಿಲ್ಲ, ಬೈಯಲೂ ಇಲ್ಲ. ಆದರೆ ಅಲ್ಲಿಂದ ಮುಂದೆ ನನಗೆ ಬಿಲ್ಲು ಬರೆಯುವ ಕೆಲಸ ಮಾತ್ರ ಉಳಿಯಿತು. ಹೊಸ ಗಿರಾಕಿ ಬಂದರೆ ಅಳತೆ ತೆಗೆದುಕೊಳ್ಳಲು ಜಿಯಾವುಲ್ಲಾನನ್ನೇ ಕರೆಯುತ್ತಿದ್ದರು. ಒಂದು ನಕ್ಷೆಯನ್ನೂ ಕೇಳಲಿಲ್ಲ. ಸಣ್ಣ ಬುದ್ಧಿ ಎಂದು ನಾನೂ ಮುಖ ಗಂಟು ಹಾಕಿಕೊಂಡು ದಿನ ತಳ್ಳಿದೆ.

ಎರಡು ತಿಂಗಳಾಗಿರಬೇಕು. ಒಂದು ಸಂಜೆ ರೈಲು ನಿಲ್ದಾಣದ ಕಡೆಯಿಂದ ಬರುವಾಗ ಔಷಧಿ ಅಂಗಡಿಯ ಮೂಲೆಯಲ್ಲಿ ನಮ್ಮ ಗಾಡಿ ಕಂಡಿತು. ಗಾಡಿಯ ಮೇಲೆ ಹೆಚ್ಚಿದ ಪಪ್ಪಾಯಿ, ಕಲ್ಲಂಗಡಿ. ಹಿಂದೆ ಯಾರೋ ಗುರುತಿಲ್ಲದ ಗಂಡಸು. ಕೇಳಿದರೆ, ಗಾಡಿ, ಜಾಗ ಎರಡನ್ನೂ ರೊಟ್ಟಿ ಅಕ್ಕ ತನಗೇ ಕೊಟ್ಟುಬಿಟ್ಟಳು ಎಂದ. ಹೋದವಳು ಯಾಕೆ ಹೋದಳು ಎಂದು ಅವನಿಗೆ ಗೊತ್ತಿರಲಿಲ್ಲ.

ಭಾನುವಾರ ಮಧ್ಯಾಹ್ನ ಅವಳ ಮನೆ ಹುಡುಕಿಕೊಂಡು ಮಹದೇವಪುರಕ್ಕೆ ಹೋದೆ. ಸಾಲು ಕೋಣೆಗಳಲ್ಲಿ ಕೊನೆಯದು. ಹುಸೇನಮ್ಮ ಬಾಗಿಲ ಬಳಿ, ದಿಂಬಿನ ಮೇಲೆ ಒಂದು ಕಾಲು ಚಾಚಿ ಕೂತಿದ್ದಳು. ಕಣಕಾಲಿಗೆ ದಪ್ಪವಾಗಿ ಬಟ್ಟೆ ಸುತ್ತಿತ್ತು. ನರ ಒಡೆದು ಹುಣ್ಣಾಗಿದೆಯಂತೆ. ವಾಸಿಯಾದ ಮೇಲೆ ಮತ್ತೆ ಅಪಾರ್ಟ್‌ಮೆಂಟಿನ ಕೆಲಸಕ್ಕೆ ಹೋಗಬೇಕು, ಮಾತಾಡಿ ಇಟ್ಟಿದ್ದೇನೆ ಎಂದಳು.

ನನಗೆ ತಡೆಯಲಾಗಲಿಲ್ಲ. "ಎಲ್ಲಾ ಆ ಬೈಲಪ್ಪನವರಿಂದ. ಅವತ್ತು ಒಂದು ಹೂಂ ಅಂದಿದ್ರೆ ನೀವಿವತ್ತು ಹೀಗೆ ಕೂತಿರ್ತಿರಲಿಲ್ಲ. ಅವರ ಹೇಡಿತನಕ್ಕೆ ನಿಮ್ಮ ಕಾಲು ಹೋಯ್ತು" ಎಂದೆ. ಇನ್ನೂ ಏನೇನೋ ಅಂದೆ.

ಹುಸೇನಮ್ಮ ಕಾಲಿನ ಮೇಲಿನ ಬಟ್ಟೆಯನ್ನು ಸರಿಮಾಡಿಕೊಳ್ಳುತ್ತ ಕೂತಿದ್ದಳು. ನಾನು ಮುಗಿಸಿದ ಮೇಲೆ ಹೇಳಿದಳು.

"ಅವ್ರು ಹೂಂ ಅಂದಿದ್ರು ಅಕ್ಕಾರ."

"ಯಾವಾಗ?"

"ಅದರ ಹಿಂದಿನ ದಿನಾರಿ, ಐತಾರ ಸಂಜೀಕ. ನಾನು ರೊಟ್ಟಿ, ಎಣ್ಣಿಗಾಯಿ ಕಟಿಗೊಂಡು ಅವರ ಮನೀಗೆ ಹೋಗಿದ್ದೆ. ಅವ್ರು ಉಂಡ್ರು. ನಾ ಅಲ್ಲೇ ಕಟ್ಟಿ ಮ್ಯಾಲ ಕುಂತು ಹ್ಯಾಂಗ ಬಡೀತೀವಿ ಅಂತ ತೋರ್ಸಿದೆ. ಅವ್ರೂ ಕೈಯಾಡ್ಸಿ ನೋಡಿದ್ರು. ಕೈ ಎಷ್ಟ ದೂರ ಹೋಗ್ತೈತಿ, ಮೊಣಕಾಲು ಎಲ್ಲಿಗೆ ಬರ್ತೈತಿ, ಎಲ್ಲ ಕೇಳಿದ್ರು. ನಾಳೆ ಮುಂಜೇಲೆ ಬಾ ತಾಯಿ, ಅಳತಿ ಹಾಕೂನು ಅಂದ್ರು."

ನನಗೆ ಅಂಗಳದ ಆ ಸೀಮೆಸುಣ್ಣದ ಗೆರೆ ಕಣ್ಣಿಗೆ ಕಟ್ಟಿತು.

"ಮತ್ತೆ ಅವತ್ತು ಅವರೆಲ್ಲ ನಗ್ತಾ ಇದ್ರಲ್ಲ?"

"ಅವರಣ್ಣತಮ್ಮರು ಅವ್ರಿಗೆ ನಗತಿದ್ರು, ನನಗಲ್ರಿ. ಗಾಡಿ ಅಳತಿಗೆ ನಾ ಕುಂದ್ರತೀನಿ ಅಂದೆ. ಬ್ಯಾಡ ತಾಯಿ, ನಿನಗ ನಗತಾರ, ನಾನ ಕುಂದ್ರತೀನಿ ಅಂದು ತಾವೇ ಕುಂತ್ರು. ನೀವು ಬರೂ ಮುಂದ ಅದಾ ನಡದಿತ್ತು."

"ನೀವಲ್ಲೇ ಇದ್ರಲ್ಲ! ಒಂದು ಮಾತು ನನಗೆ ಹೇಳ್ಬಾರದಿತ್ತಾ?"

ಅವಳು ನನ್ನನ್ನು ನೋಡಿದಳು. ಆ ನೋಟದಲ್ಲಿ ಸಿಟ್ಟೇನೂ ಇರಲಿಲ್ಲ, ಇದ್ದಿದ್ದರೆ ಚೆನ್ನಾಗಿತ್ತು.

"ನೀವು ನನ್ನ ಸಲುವಾಗೇ ಒದರಾಕತ್ತಿದ್ರಿ ಅಕ್ಕಾರ. ಬಾಯಿ ಮುಚ್ಚ್ರಿ ಅಂತ ಹ್ಯಾಂಗ ಅನ್ಲಿ?"

ಚಹಾ ಕೊಟ್ಟಳು, ಕುಡಿದೆ. ಏನು ಮಾತಾಡಿದೆನೋ ನೆನಪಿಲ್ಲ. ಬಸ್ಸಿನಲ್ಲಿ ಕೂತಾಗ ನನ್ನ ಮೇಲೆ ನನಗೇ ಬಂದ ಸಿಟ್ಟು ಎಷ್ಟಿತ್ತೆಂದರೆ, ಟಿಕೆಟ್ ಕೇಳಿದ ಕಂಡಕ್ಟರನಿಗೂ ಸಿಡುಕಿಬಿಟ್ಟೆ. ಇಪ್ಪತ್ತೈದು ವರ್ಷ ಯಾವ ನಗುವಿಗೆ ಹೆದರಿ ಬದುಕಿದ್ದರೋ, ಅದೇ ನಗುವಿನ ನಡುವೆ ಆ ಮನುಷ್ಯ ತಾವಾಗಿ ಹೋಗಿ ಕೂತಿದ್ದರು. ಅದೇ ಹೊತ್ತಿಗೆ ನಾನು ಹೋಗಿ ಆ ಹೆಸರು ಕೂಗಿದ್ದೆ.

ಸೋಮವಾರ ಬೆಳಗ್ಗೆ ಹೋದಾಗ ಟೀ ಹೊತ್ತು. ಮುನಿಶಾಮಪ್ಪ, ತಮ್ಮಂದಿರು, ಜಿಯಾವುಲ್ಲಾ, ಎಲ್ಲರೂ ಇದ್ದರು. ಬೈಲಪ್ಪನವರು ಸ್ಟೂಲಿನ ಮೇಲೆ ಕೂತು ಒಂದು ಗಾಲಿಯ ಬೇರಿಂಗನ್ನು ಬಟ್ಟೆಯಿಂದ ಒರೆಸುತ್ತಿದ್ದರು. ಅವರು ಒಬ್ಬರೇ ಇರುವಾಗ ಹೇಳಿದರೆ ನನಗೆ ಸುಲಭವಿತ್ತು. ಆದರೆ ಆಡಿದ್ದು ಎಲ್ಲರ ಮುಂದೆ.

"ಅಣ್ಣ," ಎಂದೆ. "ಅವತ್ತು ನಾನು ಅಂದಿದ್ದು ತಪ್ಪು. ಹುಸೇನಮ್ಮ ಎಲ್ಲಾ ಹೇಳಿದ್ರು. ನನಗೆ ಗೊತ್ತಿರಲಿಲ್ಲ."

ಮುನಿಶಾಮಪ್ಪ ಗ್ಲಾಸನ್ನು ಕೆಳಗಿಟ್ಟ. ಬೈಲಪ್ಪನವರು ತಲೆ ಎತ್ತಲಿಲ್ಲ. ಬೇರಿಂಗನ್ನು ಬೆರಳಲ್ಲಿ ಒಂದು ಸುತ್ತು ತಿರುಗಿಸಿ ಕಿವಿಯ ಹತ್ತಿರ ಹಿಡಿದು ಕೇಳಿದರು.

"ಹೆಂಗವ್ಳೆ ಆ ಯಮ್ಮ?"

"ಕಾಲಲ್ಲಿ ಹುಣ್ಣಾಗಿದೆ. ಗಾಡಿ ಬೇರೆಯವರಿಗೆ ಕೊಟ್ಬಿಟ್ಟಿದ್ದಾರೆ. ಜಾಗಾನೂ ಹೋಯ್ತು."

ಅವರು ಬೇರಿಂಗನ್ನು ಬಟ್ಟೆಯ ಮೇಲಿಟ್ಟರು. ಆಮೇಲೆ ಅವರು ನನ್ನನ್ನು ನೋಡಿ ಹೇಳಿದ್ದು ಇಷ್ಟೇ, ಅದೂ ಮೆಲ್ಲಗೆ.

"ನಗೋರು ನಗ್ಲಿ, ನಕ್ಕು ಸಾಕಾಗ್ಲಿ, ಆಮ್ಯಾಕೆ ಎದ್ದು ಇದೇ ಗಾಡಿ ಹಾಕು ಅಂತ ಜಿಯಾಗೆ ಹೇಳವ ಅಂತ ಕುಂತಿದ್ದೆ ಕಣಮ್ಮ. ಇನ್ನೆರಡು ನಿಮಿಷ ತಡ್ಕೊಂಡಿದ್ರೆ ಆಗೋಗಿರೋದು."